ಕತ್ತಲ ಕಡಲಗುಹೆಯ ಕೊಳವೆಹುಳಗಳ ಸಮೀಕ್ಷೆ: ಗಾಳಿಯ ಲೆಕ್ಕದಿಂದ ಪ್ರಭೇದ ಗುರುತಿಸುವ ತನಕ

ಸಿಸಿಲಿಯ ಸಿರಾಕ್ಯೂಸ್ ಊರಿನ ಪಕ್ಕ, ಪ್ಲೆಮ್ಮಿರಿಯೊ ಕರಾವಳಿಯಲ್ಲಿ, 20 ಮೀಟರ್ ಆಸುಪಾಸಿನ ಆಳದಲ್ಲಿ ಬಾಯಿ ತೆರೆದ ಸುಣ್ಣಕಲ್ಲಿನ ಗುಹೆಗಳಿವೆ. ಗ್ರಾಂಕಿ, ಮಾತ್ಸೆರೆ ಎಂಬ ಗುಹೆಗಳಲ್ಲಿ ಟಾರ್ಚ್ ಹಾಯಿಸಿದರೆ ಗೋಡೆ, ಚಾವಣಿಯ ತುಂಬ ಬಿಳಿ ಸುಣ್ಣದ ಕೊಳವೆಗಳು. ಕೆಲವೆಡೆ ಅವು ಒಂದರ ಮೇಲೊಂದು ಬೆಳೆದು, ಬ್ರಯೋಜೋವಾ ಎಂಬ ಪುಟ್ಟ ಗುಂಪುಜೀವಿಗಳ ಮತ್ತು ಸೂಕ್ಷ್ಮಜೀವಿಗಳ ಸುಣ್ಣವೂ ಸೇರಿ, ಚಾವಣಿಯಿಂದ ತೂಗುವ ಗೊಂಚಲುಗಳಾಗಿವೆ. ಸಂಶೋಧಕರು ಇವನ್ನು ಬಯೋಸ್ಟ್ಯಾಲಕ್ಟೈಟ್ ಎನ್ನುತ್ತಾರೆ. ಇಟಲಿಯ ಒಟ್ರಾಂಟೊ ಬಳಿಯ ಲು ಲಾಂಪಿಯೂನೆ ಗುಹೆಯಲ್ಲೂ ಇಂಥವಿವೆ. ಅಲ್ಲಿ ಪ್ರೊಟುಲಾ ಎಂಬ ದೊಡ್ಡ ಕೊಳವೆಹುಳದ್ದೇ ಮುಖ್ಯ ಪಾಲು.

ಈ ಹುಳಗಳು ಸರ್ಪ್ಯುಲಿಡ್ ಕುಟುಂಬದವು. ತಾವೇ ಸ್ರವಿಸಿದ ಸುಣ್ಣದ ಕೊಳವೆಯೊಳಗೆ ಕೂತು, ತಲೆಯ ಗರಿಕುಚ್ಚನ್ನು ಹೊರಚಾಚಿ ನೀರಿನಲ್ಲಿ ತೇಲಿಬರುವ ಕಣಗಳನ್ನು ಸೋಸಿ ತಿನ್ನುತ್ತವೆ. ಬೆಳಕಿಲ್ಲದ ಕಡೆ ಪಾಚಿ ಇಲ್ಲ, ಪಾಚಿ ಇಲ್ಲದ ಕಡೆ ಜಾಗಕ್ಕೆ ಪೈಪೋಟಿಯೂ ಕಡಿಮೆ. ಗುಹೆಯ ಒಳಭಾಗ ಇವುಗಳ ಪಾಲಾಗಿರುವುದು ಹೀಗೆ. ಆದರೆ ಕೊಳವೆ ಕಂಡಿತೆಂದರೆ ಹುಳ ಇದೆಯೆಂದಲ್ಲ. ಅಲೆಯಿಲ್ಲದ, ಕೆರೆದು ತಿನ್ನುವ ಪ್ರಾಣಿಗಳೂ ವಿರಳವಾದ ಜಾಗದಲ್ಲಿ ಹುಳ ಸತ್ತ ಮೇಲೂ ಕೊಳವೆ ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಮಾದರಿ ಸಿಕ್ಕಿದ್ದು ಗುಹೆಯ ಬಾಯಿಯಿಂದ ಎಷ್ಟು ದೂರದಲ್ಲಿ, ಗೋಡೆಯಲ್ಲೋ ಚಾವಣಿಯಲ್ಲೋ, ಕೊಳವೆಯಲ್ಲಿ ಜೀವ ಇತ್ತೋ ಇಲ್ಲವೋ: ಈ ಮೂರೂ ಬರೆದಿರದ ಚೀಲವನ್ನು ಮೇಲೆ ತರುವುದಕ್ಕಿಂತ ಗುಹೆಯಲ್ಲೇ ಬಿಟ್ಟುಬರುವುದು ಮೇಲು.

ಅನುಮತಿ, ಗುಹೆಯ ಆಯ್ಕೆ, ಮನೆಯ ಅಭ್ಯಾಸ

ನೀರಿನಡಿಯ ಕಡಲಗುಹೆಗಳು ಐರೋಪ್ಯ ಒಕ್ಕೂಟದ 1992ರ ಆವಾಸ ನಿರ್ದೇಶನದಲ್ಲಿ 8330 ಎಂಬ ಸಂಕೇತದಡಿ ಪಟ್ಟಿಯಾಗಿವೆ. ಪ್ಲೆಮ್ಮಿರಿಯೊ ಸ್ವತಃ ಸಂರಕ್ಷಿತ ಕಡಲ ಪ್ರದೇಶ. ಅಲ್ಲಿನ ಆಡಳಿತದಿಂದ ಲಿಖಿತ ಅನುಮತಿ ಇಲ್ಲದೆ ಒಂದು ಚೂರು ಕಲ್ಲನ್ನೂ ಎತ್ತುವಂತಿಲ್ಲ. ಅರ್ಜಿಯಲ್ಲಿ ಎಷ್ಟು ಚದರ ಸೆಂಟಿಮೀಟರ್ ಕೆರೆಯುತ್ತೀರಿ, ಯಾವ ಸಂಗ್ರಹಾಲಯಕ್ಕೆ ಮಾದರಿ ಒಪ್ಪಿಸುತ್ತೀರಿ ಎಂಬುದನ್ನು ಖಚಿತವಾಗಿ ಬರೆಯಿರಿ.

ಮೊದಲ ಕೆಲಸಕ್ಕೆ ಒಂದೇ ಬಾಯಿಯ, ನೇರವಾದ, ಚಿಕ್ಕ ಗುಹೆ ಒಳ್ಳೆಯದು. ಎರಡೂ ಕಡೆ ತೆರೆದ ಸುರಂಗದಲ್ಲಿ ನೀರು ಹರಿದಾಡುವುದರಿಂದ ಆಹಾರವೂ ಹೆಚ್ಚು, ಜೀವಿಗಳೂ ಹೆಚ್ಚು. ಕತ್ತಲಿನ ಪರಿಣಾಮ ಯಾವುದು, ಹರಿವಿನ ಪರಿಣಾಮ ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ಬಿಸಿನೀರಿನ ಗಂಧಕದ ಬುಗ್ಗೆಗಳಿರುವ ಗುಹೆಗಳನ್ನೂ ಬಿಡಿ. ಇಟಲಿಯ ಪಾಲಿನುರೊ ಭೂಶಿರದ ಗುಹೆಗಳಲ್ಲಿ ಹೀಗೆ ಗಂಧಕ ಉಣ್ಣುವ ಬ್ಯಾಕ್ಟೀರಿಯಾಗಳ ಬಿಳಿ ಪದರವೇ ಇದೆ, ಅಲ್ಲಿನ ಆಹಾರದ ಲೆಕ್ಕವೇ ಬೇರೆ. ಫ್ರಾನ್ಸಿನ ಲಾ ಸಿಯೊಟಾ ಬಳಿಯ 3ಪಿಪಿ ಗುಹೆ ಇನ್ನೊಂದು ಬಗೆಯ ಅಪವಾದ. ಒಳಗೆ ಇಳಿಜಾರಾಗಿರುವುದರಿಂದ ಚಳಿಗಾಲದ ತಣ್ಣೀರು ವರ್ಷವಿಡೀ ಸಿಕ್ಕಿಹಾಕಿಕೊಂಡು ಆಳಸಮುದ್ರದ ಜೀವಿಗಳಿಗೂ ಮನೆಯಾಗಿದೆ. ಮಾಂಸಾಹಾರಿ ಸ್ಪಂಜೊಂದು 1995ರಲ್ಲಿ ವರದಿಯಾದದ್ದು ಅಲ್ಲಿಂದಲೇ.

ಕಾರವಾರದಲ್ಲೋ ಮಂಗಳೂರಿನಲ್ಲೋ ಸಾಗರ ಜೀವವಿಜ್ಞಾನ ಓದುವವರು ಕೈಪಳಗಿಸಿಕೊಳ್ಳಲು ಗುಹೆಗೇ ಹೋಗಬೇಕಿಲ್ಲ. ಜೆಟ್ಟಿಯ ಕಂಬಕ್ಕೆ, ದೋಣಿಯ ತಳಕ್ಕೆ, ನೀಲಿಕಲ್ಲು ಎಂಬ ಕಡಲಜೀವಿಯ ಚಿಪ್ಪಿಗೆ ಅಂಟಿದ ಬಿಳಿ ಅಂಕುಡೊಂಕು ಕೊಳವೆಗಳು ಇದೇ ಕುಟುಂಬದವು. ಬಂದರುಗಳಲ್ಲಿ ಸಿಗುವ ಹೈಡ್ರಾಯ್ಡಿಸ್ ಎಲೆಗನ್ಸ್ ಅದರಲ್ಲೊಂದು. ಮುಂದೆ ಹೇಳುವ ಮಂಪರು, ಸಂರಕ್ಷಣೆ, ಕೊಳವೆ ಒಡೆಯುವ ಕೆಲಸವನ್ನೆಲ್ಲ ಅವುಗಳ ಮೇಲೆ ಮಾಡಿ ನೋಡಿ. ಕಲ್ಲು ಕೆರೆಯುವಾಗ ಹವಳ, ಸೀ ಫ್ಯಾನ್ ಜೊತೆಗೆ ಬರಬಾರದು. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ಗಾಳಿಯ ಲೆಕ್ಕ

ಸಾಮಾನ್ಯ ಡೈವಿಂಗ್ ಪ್ರಮಾಣಪತ್ರ ಇದ್ದರೆ ಸಾಲದು, ಗುಹೆ ಡೈವಿಂಗ್ ತರಬೇತಿ ಬೇಕೇ ಬೇಕು. ತಲೆಯ ಮೇಲೆ ಕಲ್ಲಿರುವಾಗ ನೇರವಾಗಿ ಮೇಲೇಳುವ ದಾರಿ ಇರುವುದಿಲ್ಲ. ಪ್ರತಿಯೊಬ್ಬರ ಬಳಿ ಮೂರು ಟಾರ್ಚ್, ಎರಡು ಪ್ರತ್ಯೇಕ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಒದಗಿಸುವ ಸಾಧನ), ಗುಹೆಯ ಬಾಯಿಯ ಹೊರಗೆ ತೆರೆದ ನೀರಿನಲ್ಲಿ ಕಟ್ಟಿದ ತುಂಡಾಗದ ಮಾರ್ಗದಾರ. ಇದರಲ್ಲಿ ಯಾವುದು ಕಡಿಮೆಯಾದರೂ ಒಳಹೋಗಬೇಡಿ.

ಗಾಳಿಯನ್ನು ಮೂರು ಪಾಲು ಮಾಡುವ ನಿಯಮ ಎಲ್ಲರಿಗೂ ಗೊತ್ತು: ಒಂದು ಪಾಲು ಒಳಹೋಗಲು, ಒಂದು ಹೊರಬರಲು, ಒಂದು ಆಪತ್ತಿಗೆ. ಮಾದರಿ ತೆಗೆಯುವವರು ಎಡವುವುದು ಕೆಲಸದ ಹೊತ್ತನ್ನು ಯಾವ ಪಾಲಿಗೆ ಸೇರಿಸಬೇಕು ಎನ್ನುವಲ್ಲಿ. ಅದು ಮೊದಲ ಪಾಲಿನೊಳಗೇ ಮುಗಿಯಬೇಕು. 12 ಲೀಟರಿನ ಜೋಡಿ ಸಿಲಿಂಡರ್ 200 ಬಾರ್ ತುಂಬಿದ್ದರೆ 4,800 ಲೀಟರ್ ಗಾಳಿ. ಮೂರನೇ ಒಂದು ಪಾಲು 1,600 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 20 ಮೀಟರ್ ಆಳದ 3 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 60 ಲೀಟರ್ ಬೇಕು. ಅಂದರೆ 26 ನಿಮಿಷ. ಆದರೆ ಉಳಿ ಸುತ್ತಿಗೆ ಹಿಡಿದು ಚಾವಣಿಗೆ ಕೈ ಎತ್ತಿ ಕೆಲಸ ಮಾಡುವಾಗ ಉಸಿರು 30 ಲೀಟರಿಗೆ ಏರುತ್ತದೆ. ಆಗ ಅದೇ ಪಾಲು 17 ನಿಮಿಷಕ್ಕೆ ಮುಗಿಯುತ್ತದೆ. ಒಳಹೋಗಲು 5 ನಿಮಿಷ ತೆಗೆದರೆ ಕೈಯಲ್ಲುಳಿಯುವುದು ಹತ್ತು ಹನ್ನೆರಡು ನಿಮಿಷ ಮಾತ್ರ. ಒಂದು ಇಳಿತಕ್ಕೆ ಮೂರು ಚೌಕಕ್ಕಿಂತ (ಚೌಕ ಎಂದರೆ ಅಳತೆ ಹಾಕಿ ಕೆರೆಯುವ ಜಾಗ) ಹೆಚ್ಚು ಯೋಜಿಸಬೇಡಿ.

ಚಾವಣಿಯ ಗಾಳಿಗುಂಡಿಯಲ್ಲಿ ರೆಗ್ಯುಲೇಟರ್ ತೆಗೆಯುವುದು ಬೇಡ. ಅಲ್ಲಿರುವುದು ಹೆಚ್ಚಾಗಿ ಡೈವರ್‌ಗಳೇ ಬಿಟ್ಟ ಉಸಿರು, ಇಂಗಾಲದ ಡೈಆಕ್ಸೈಡ್ ತುಂಬಿದ್ದು. ಆ ಗುಂಡಿಯಲ್ಲಿ ಸಿಕ್ಕಿಕೊಂಡ ಚಾವಣಿಯ ಜೀವಿಗಳೂ ನೀರಿಲ್ಲದೆ ಸಾಯುತ್ತವೆ. ಗುಮ್ಮಟದಂಥ ಜಾಗದ ನೇರ ಕೆಳಗೆ ನಿಲ್ಲದೆ, ಗುಳ್ಳೆ ಬದಿಗೆ ಜಾರಿಹೋಗುವಂತೆ ಇಳಿಜಾರಿನ ಕಡೆ ನಿಂತು ಕೆಲಸ ಮಾಡಿ.

ವಲಯ ಗುರುತು ಹಾಕುವುದು

ಮೊದಲ ಇಳಿತದಲ್ಲಿ ಏನನ್ನೂ ಕೆರೆಯಬೇಡಿ. 30 ಮೀಟರಿನ ಅಳತೆ ಟೇಪನ್ನು ಬಾಯಿಯ ಅಂಚಿನಿಂದ ಒಳಗಿನ ತನಕ ಎಳೆದು, ಪ್ರತಿ 5 ಮೀಟರಿಗೆ ಆಳ, ದಿಕ್ಕು, ಅಗಲ, ಎತ್ತರ ಬರೆದುಕೊಳ್ಳಿ. ಬಾಯಿಯ ಅಂಚು ಎಂದರೆ ಯಾವುದು ಎಂದು ಮೊದಲೇ ತೀರ್ಮಾನಿಸಿ. ಚಾವಣಿಯ ಹೊರತುದಿಯಿಂದ ನೇರ ಕೆಳಕ್ಕೆ ಬಿದ್ದ ಗೆರೆಯನ್ನು ಸೊನ್ನೆ ಎಂದಿಟ್ಟುಕೊಳ್ಳುವುದು ವಾಡಿಕೆ. ಒಬ್ಬರು ಚಾವಣಿಯಿಂದ, ಇನ್ನೊಬ್ಬರು ನೆಲದ ಹೊಸ್ತಿಲಿನಿಂದ ಅಳೆದರೆ ಒಂದೇ ಗುಹೆಯಲ್ಲಿ ಮೂರು ನಾಲ್ಕು ಮೀಟರ್ ವ್ಯತ್ಯಾಸ ಬರುತ್ತದೆ.

ಮೆಡಿಟರೇನಿಯನ್ ಗುಹೆಗಳನ್ನು ಅರೆಗತ್ತಲು ಮತ್ತು ಕಗ್ಗತ್ತಲು ಎಂದು ಎರಡು ಸಮುದಾಯಗಳಾಗಿ ವಿಂಗಡಿಸಿದವರು ಫ್ರೆಂಚ್ ವಿಜ್ಞಾನಿಗಳಾದ ಪೆರೆಸ್ ಮತ್ತು ಪಿಕಾರ್. ಅವರ 1964ರ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಬೆಳಕು ಅಳೆಯುವ ಲಕ್ಸ್ ಮೀಟರ್ ಒಯ್ದರೆ ಒಳ್ಳೆಯದೇ, ಆದರೆ ಮೋಡ, ಹೊತ್ತು, ನೀರಿನ ಕದಡು ಸೇರಿ ಒಂದು ದಿನದ ಅಳತೆ ಇನ್ನೊಂದು ದಿನಕ್ಕೆ ಹೊಂದುವುದಿಲ್ಲ. ಕಲ್ಲಿನ ಮೇಲಿನ ಜೀವಿಗಳು ಇಡೀ ವರ್ಷದ ಬೆಳಕನ್ನು ಲೆಕ್ಕ ಇಟ್ಟಿರುತ್ತವೆ, ಅವನ್ನೇ ನಂಬಿ. ಗುಲಾಬಿ ಬಣ್ಣದ ಸುಣ್ಣಪಾಚಿಯ ಕೊನೆಯ ಹಕ್ಕಳೆ ಎಲ್ಲಿ ನಿಲ್ಲುತ್ತದೋ ಅಲ್ಲೊಂದು ಗುರುತು. ಅದರಾಚೆ ಬಣ್ಣಬಣ್ಣದ ಸ್ಪಂಜು, ಹಳದಿ ಒಂಟಿ ಹವಳ, ಕೆಲವೆಡೆ ಕೆಂಪು ಹವಳ ಒತ್ತೊತ್ತಾಗಿ ತುಂಬಿದ್ದರೆ ಅರೆಗತ್ತಲು. ಈ ದಟ್ಟಣೆ ಕರಗಿ, ಬರಿಯ ಕಲ್ಲು ಕಾಣತೊಡಗಿ, ತೆಳು ಸ್ಪಂಜಿನ ಪೊರೆ ಮತ್ತು ಬಿಳಿ ಕೊಳವೆಗಳಷ್ಟೇ ಉಳಿದರೆ ಕಗ್ಗತ್ತಲು. ಗಡಿ ಚಾವಣಿಯಲ್ಲಿ ಒಂದು ಕಡೆ, ಗೋಡೆಯಲ್ಲಿ ಇನ್ನೊಂದು ಕಡೆ ಬರುವುದು ಸಾಮಾನ್ಯ; ಎರಡನ್ನೂ ಬೇರೆಬೇರೆ ಬರೆಯಿರಿ.

ಫೋಟೊ ಮೊದಲು, ಉಳಿ ಆಮೇಲೆ

ಎರಡನೆಯ ಇಳಿತ ಫೋಟೊಗೆ. 25×25 ಸೆಂಟಿಮೀಟರಿನ ಚೌಕಟ್ಟನ್ನು ಕ್ಯಾಮೆರಾಗೆ ಕಡ್ಡಿಯಿಂದ ಬಿಗಿದರೆ ದೂರ ಪ್ರತಿ ಸಲವೂ ಒಂದೇ ಇರುತ್ತದೆ. ಎರಡು ಫ್ಲಾಶ್‌ಗಳನ್ನು ಲೆನ್ಸಿನಿಂದ ಆದಷ್ಟು ದೂರ, ಎರಡೂ ಬದಿಗೆ ಓರೆಯಾಗಿ ಇಡಿ. ಲೆನ್ಸಿಗೆ ಹತ್ತಿರವಿದ್ದರೆ ನೀರಿನ ಕಣಗಳೆಲ್ಲ ಬೆಳಗಿ ಚಿತ್ರದ ತುಂಬ ಹಿಮ ಸುರಿದಂತಾಗುತ್ತದೆ. ಹುಳಗಳಿಗೆ ನೆರಳು, ಅಲುಗಾಟ ಎರಡೂ ಆಗದು. ಗರಿಕುಚ್ಚು ಕ್ಷಣದಲ್ಲಿ ಒಳಗೆ ಹೋಗುತ್ತದೆ. ಚೌಕಟ್ಟು ಊರಿದ ಮೇಲೆ ಅಲುಗದೆ ಕಾದು, ಗರಿ ಮತ್ತೆ ಬಿಚ್ಚಿಕೊಂಡಾಗ ಕ್ಲಿಕ್ಕಿಸಿ. ಗರಿ ಬಿಚ್ಚಿದ ಚಿತ್ರವೇ ಮುಂದೆ ಜೀವಂತ ಕೊಳವೆಗೆ ಸಾಕ್ಷಿ.

ಫೋಟೊ ಒಂದನ್ನೇ ನಂಬಿ ಪ್ರಭೇದಗಳ ಪಟ್ಟಿ ಮಾಡುವಂತಿಲ್ಲ. ಪ್ರೊಟುಲಾದಂಥ ದೊಡ್ಡವು ಗುರುತು ಸಿಗುತ್ತವೆ. ಜೋಸೆಫೆಲ್ಲಾ, ಫಿಲೊಗ್ರಾನುಲಾ, ಸೆಮಿವರ್ಮಿಲಿಯಾ ಕುಲದವು ಶ್ಯಾವಿಗೆ ಎಳೆಗಿಂತ ಸಪೂರ, ಚಿತ್ರದಲ್ಲಿ ಬಿಳಿ ಗೀಟುಗಳಷ್ಟೇ. ಗುಹೆಯ ವೈವಿಧ್ಯ ಇರುವುದು ಬಹುಪಾಲು ಇಂಥ ಪುಟಾಣಿಗಳಲ್ಲಿ.

ಕೆರೆಯುವಾಗ ಅತಿ ಒಳಗಿನ ಚೌಕದಿಂದ ಶುರು ಮಾಡಿ ಬಾಯಿಯ ಕಡೆ ಬನ್ನಿ, ಎದ್ದ ಕದಡು ಹಿಂದೆಯೇ ಉಳಿಯುತ್ತದೆ. ಗಟ್ಟಿ ನೆಲದ ಜೀವಿಗಳಿಗೆ 20×20 ಸೆಂಟಿಮೀಟರ್ ರೂಢಿಯ ಅಳತೆ. ಕಗ್ಗತ್ತಲಿನಲ್ಲಿ ಮಾತ್ರ ಅದನ್ನು 10×10ಕ್ಕೆ ಇಳಿಸುವುದು ನ್ಯಾಯ. ಅಲ್ಲಿ ಬೆಳವಣಿಗೆ ಎಷ್ಟು ನಿಧಾನವೆಂದರೆ ನೀವು ಬೋಳಾಗಿಸಿದ ಜಾಗ ವರ್ಷಗಟ್ಟಲೆ ಬೋಳಾಗಿಯೇ ಇರುತ್ತದೆ. ಪ್ರತಿ ವಲಯದಲ್ಲಿ ಗೋಡೆಗೆ 3, ಚಾವಣಿಗೆ 3 ಚೌಕ. 2 ಸೆಂಟಿಮೀಟರ್ ಅಗಲದ ಚಪ್ಪಟೆ ಉಳಿಯನ್ನು ಕಲ್ಲಿಗೆ ಓರೆಯಾಗಿ ಹಿಡಿದು, ತೆಳು ಕಲ್ಲಿನ ಪದರದ ಸಮೇತ ಎಬ್ಬಿಸಬೇಕು. ಕೊಳವೆಯನ್ನಷ್ಟೇ ಎಬ್ಬಿಸಲು ಹೋದರೆ ಪುಡಿಯಾಗುತ್ತದೆ. ಕೆಳಗೆ ಗಡುಸು ಬಳೆಬಾಯಿಯ, 0.5 ಮಿಲಿಮೀಟರ್ ಕಣ್ಣಿನ ಬಲೆಚೀಲವನ್ನು ಜೊತೆಗಾರರು ಕಲ್ಲಿಗೆ ಒತ್ತಿ ಹಿಡಿಯಲಿ. ಆಮೇಲೆ ಚೀಲ ಸಮೇತ ಜಿಪ್ ಕವರಿಗೆ, ಕವರಿನ ಒಳಗೇ ಚೀಟಿ.

ಚೀಟಿ ಜಲನಿರೋಧಕ ಕಾಗದದ್ದು, ಬರಹ ಪೆನ್ಸಿಲಿನದು. ಬಾಲ್‌ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿ ಖಾಲಿ ಕಾಗದವಷ್ಟೇ ಉಳಿಯುತ್ತದೆ. "ಗ್ರಾ–ಕ–30–ಚಾ–2" ಎಂದು ಬರೆದರೆ ಗ್ರಾಂಕಿ, ಕಗ್ಗತ್ತಲು, ಬಾಯಿಯಿಂದ 30 ಮೀಟರ್, ಚಾವಣಿ, ಎರಡನೆಯ ಚೌಕ. ಕವರಿನ ಹೊರಗೆ ಮಾರ್ಕರಿನಲ್ಲಿ ಬರೆದದ್ದು ದೋಣಿಗೆ ತಲುಪುವಷ್ಟರಲ್ಲಿ ಉಜ್ಜಿಹೋಗಿರುತ್ತದೆ.

ಕೆರೆಯಲು ಅನುಮತಿಯೇ ಸಿಗದಿದ್ದರೆ ಒರಟು ಸುಣ್ಣಕಲ್ಲಿನ 10×10 ಸೆಂಟಿಮೀಟರ್ ಬಿಲ್ಲೆಗಳನ್ನು ಒಳಗೆ ಕಟ್ಟಿ, ಒಂದು ವರ್ಷವಾದರೂ ಬಿಟ್ಟು ತೆಗೆಯಬಹುದು. ಬಂದು ಕೂರುವ ಮರಿಗಳು ಯಾವುವು ಎಂದು ಇದರಿಂದ ತಿಳಿಯುತ್ತದೆ. ಹಳೆಯ ಸಮುದಾಯ ಹೇಗಿದೆ ಎಂದು ತಿಳಿಯುವುದಿಲ್ಲ. ನೆಲದ ಕೆಸರಿನಲ್ಲಿರುವ ಕೊಳವೆಯಿಲ್ಲದ ಹುಳಗಳಿಗೆ ಅಕ್ರಿಲಿಕ್ ಕೊಳವೆ ಊರಿ ಕೆಸರು ತೆಗೆದು 0.5 ಮಿಲಿಮೀಟರ್ ಜರಡಿ ಹಿಡಿದರಾಯಿತು.

ಮಂಪರು ಬರಿಸುವುದು, ಕೆಡದಂತೆ ಇಡುವುದು

ಹೆಚ್ಚಿನ ಮಾದರಿಗಳು ಹಾಳಾಗುವುದು ನೀರಿನಡಿಯಲ್ಲಲ್ಲ, ದೋಣಿಯ ಮೇಲೆ. ಹುಳವನ್ನು ನೇರವಾಗಿ ಫಾರ್ಮಾಲಿನ್‌ಗೋ ಎಥನಾಲ್‌ಗೋ ಹಾಕಿದರೆ ಅದು ಸೆಟೆದು ಕೊಳವೆಯ ಆಳಕ್ಕೆ ಸೇರುತ್ತದೆ, ಇಲ್ಲವೇ ಗರಿಕುಚ್ಚನ್ನೂ ಮುಚ್ಚಳವನ್ನೂ ಕಳಚಿ ಬಿಸಾಡುತ್ತದೆ. ಕೊಳವೆಯ ಬಾಯಿ ಮುಚ್ಚುವ ಆ ಪುಟ್ಟ ಮುಚ್ಚಳವೇ ಪ್ರಭೇದ ಗುರುತಿಸಲು ಮುಖ್ಯ ಆಧಾರ. ಅದು ಹೋದರೆ ಅರ್ಧ ಕೆಲಸ ಹೋದಂತೆ.

ಮೇಲೆ ತಂದ ತಕ್ಷಣ ಮಾದರಿಯನ್ನು ಧಾರಾಳ ಕಡಲನೀರಿನಲ್ಲಿ, ತಂಪುಪೆಟ್ಟಿಗೆಯೊಳಗೆ, ಕತ್ತಲಲ್ಲಿ ಒಂದು ಗಂಟೆ ಬಿಡಿ. ಹುಳಗಳು ಸುಧಾರಿಸಿಕೊಂಡು ಗರಿ ಬಿಚ್ಚುತ್ತವೆ. ಈ ಹೊತ್ತನ್ನು ಉಳಿಸಲು ಹೋದವರಿಗೆ ಮುಂದಿನ ಯಾವ ದ್ರಾವಣವೂ ಕೆಲಸ ಮಾಡುವುದಿಲ್ಲ, ಏಕೆಂದರೆ ಬಾಯಿ ಮುಚ್ಚಿಕೊಂಡ ಹುಳಕ್ಕೆ ಮಂಪರು ತಾಗುವುದೇ ಇಲ್ಲ. ಬೇಸಿಗೆಯಲ್ಲಿ ಬಿಸಿಲು ತಾಗಿದ ಬಕೆಟ್ ಅರ್ಧ ಗಂಟೆಯಲ್ಲಿ ಇಡೀ ಮಾದರಿಯನ್ನು ಕೊಲ್ಲುತ್ತದೆ.

ಮಂಪರಿಗೆ ಮೆಗ್ನೀಶಿಯಂ ಕ್ಲೋರೈಡ್. ಅಂಗಡಿಯಲ್ಲಿ ಸಿಗುವ ಆರು ನೀರಿನಣುಗಳ ಹರಳು ರೂಪದಲ್ಲಿ 73 ಗ್ರಾಂ ತೂಗಿ, ಸಿಹಿನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿ. ಕಡಲನೀರಿನಲ್ಲಿ ಕರಗಿಸಿದರೆ ಉಪ್ಪಿನಂಶ ದುಪ್ಪಟ್ಟಾಗಿ ಹುಳ ಮುದುಡುತ್ತದೆ. ಈ ದ್ರಾವಣವನ್ನು ಮಾದರಿಯಿರುವ ಕಡಲನೀರಿಗೆ ಸಮಪ್ರಮಾಣದಲ್ಲಿ, ನಾಲ್ಕೈದು ಕಂತುಗಳಲ್ಲಿ ಸುರಿಯಿರಿ. ಸಣ್ಣವಕ್ಕೆ 15 ನಿಮಿಷ, ದೊಡ್ಡವಕ್ಕೆ ಒಂದು ಗಂಟೆಯ ತನಕ ಬೇಕಾಗುತ್ತದೆ. ಸೂಜಿಮೊನೆಯಿಂದ ಗರಿಯನ್ನು ಮುಟ್ಟಿ ನೋಡಿ. ಒಳಸರಿಯದಿದ್ದರೆ ಹದ ಬಂತು.

ಇಲ್ಲಿ ಮಾದರಿಯನ್ನು ಎರಡು ಪಾಲು ಮಾಡಿ. ರೂಪ ನೋಡಲು ಇಡುವುದನ್ನು ಫಾರ್ಮಾಲಿನ್‌ಗೆ ಹಾಕಿ: ಮಾರುಕಟ್ಟೆಯ ಗಟ್ಟಿ ಫಾರ್ಮಾಲಿನ್ 1 ಪಾಲು, ಕಡಲನೀರು 9 ಪಾಲು. ದ್ರವ ಮಾದರಿಯ ಗಾತ್ರಕ್ಕೆ ಕನಿಷ್ಠ ಎರಡು ಮೂರು ಪಟ್ಟು ಇರಬೇಕು. ಬೋರಾಕ್ಸ್ ಬೆರೆಸಿ ಪಿಎಚ್ 8ರ ಸುತ್ತ ತನ್ನಿ, ಪಟ್ಟಿ ಅದ್ದಿ ಖಚಿತಪಡಿಸಿಕೊಳ್ಳಿ. ಇದನ್ನು ಬಿಟ್ಟರೆ ಫಾರ್ಮಾಲಿನ್ ಹುಳಿಯಾಗಿ ಸುಣ್ಣ ತಿನ್ನುತ್ತದೆ. ಕೊಳವೆಯ ಮೇಲಿನ ಏಣು, ಹಲ್ಲುಗಳು ಸವೆದು ಎಲ್ಲ ಪ್ರಭೇದಗಳೂ ಒಂದೇ ತರಹದ ಬಿಳಿ ಪುಡಿಗಡ್ಡಿಗಳಾಗುತ್ತವೆ. 24ರಿಂದ 48 ಗಂಟೆಯ ನಂತರ ಸಿಹಿನೀರಿನಲ್ಲಿ ತೊಳೆದು 70–80 ಶೇಕಡಾ ಎಥನಾಲ್‌ಗೆ ವರ್ಗಾಯಿಸಿ. ಫಾರ್ಮಾಲಿನ್ ಹಬೆ ಕ್ಯಾನ್ಸರ್‌ಕಾರಕ. ಕೈಗವಸು ತೊಟ್ಟು ಗಾಳಿಯಾಡುವ ಕಡೆಯೇ ಸುರಿಯಬೇಕು.

ಡಿಎನ್ಎ ಪಾಲು ಫಾರ್ಮಾಲಿನ್ ಮುಟ್ಟಲೇಬಾರದು. ನೇರವಾಗಿ 96 ಶೇಕಡಾ ಎಥನಾಲ್‌ಗೆ, ಕೊಳವೆಯನ್ನು ಒಂದೆರಡು ಕಡೆ ಬಿರುಕು ಬಿಡಿಸಿ. ಇಡೀ ಕೊಳವೆಯಾದರೆ ಎಥನಾಲ್ ಒಳಗಿಳಿಯುವ ಮೊದಲೇ ಹುಳ ಕೊಳೆಯುತ್ತದೆ. ಮಾದರಿಯ ನೀರು ಎಥನಾಲನ್ನು ತೆಳುವಾಗಿಸುವುದರಿಂದ 24 ಗಂಟೆಯೊಳಗೆ ಒಮ್ಮೆ ಬದಲಿಸಿ, ಮೈನಸ್ 20 ಡಿಗ್ರಿಯಲ್ಲಿಡಿ. ಕೆಲವು ಕೊಳವೆಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿಯೂ ಇಟ್ಟುಕೊಳ್ಳಿ, ಹೋಲಿಕೆಗೆ ಬೇಕಾಗುತ್ತದೆ.

ಗುರುತಿಸುವುದು

ಮೊದಲು ಕೊಳವೆ, ಆಮೇಲೆ ಹುಳ. ಸ್ಟೀರಿಯೊ ಸೂಕ್ಷ್ಮದರ್ಶಕದಡಿ ಕೊಳವೆಯ ಅಡ್ಡಕೊಯ್ತ ದುಂಡೋ ಮೂಲೆಯುಳ್ಳದ್ದೋ, ಉದ್ದಕ್ಕೆ ಎಷ್ಟು ಏಣು, ಏಣಿನ ಮೇಲೆ ಹಲ್ಲಿದೆಯೇ, ಅಡ್ಡ ಉಂಗುರಗಳಿವೆಯೇ, ಗಾಜಿನಂತೆ ಪಾರದರ್ಶಕವೇ ಎಂದು ನೋಡಿ ಬರೆಯಿರಿ. ಪ್ಲಾಕೊಸ್ಟೆಗಸ್ ಕುಲದ ಕೊಳವೆ ಗಾಜಿನಂತಿರುತ್ತದೆ, ಒಳಗಿನ ಹುಳ ಹೊರಗಿನಿಂದಲೇ ಕಾಣುತ್ತದೆ. ಸುರುಳಿ ಸುತ್ತಿದ ಪುಟ್ಟ ಸ್ಪೈರೊರ್ಬಿಸ್ ಗುಂಪಿನಲ್ಲಿ ಸುರುಳಿ ಯಾವ ಕಡೆಗೆ ಸುತ್ತಿದೆ ಎಂಬುದು ಮುಖ್ಯ. ಅದನ್ನು ಕಲ್ಲಿಗೆ ಅಂಟದ ಮೇಲ್ಮೈಯಿಂದಲೇ ನೋಡಬೇಕು. ಕಿತ್ತುಬಂದ ಕೊಳವೆ ಮಗುಚಿಕೊಂಡಿದ್ದರೆ ದಿಕ್ಕೂ ಮಗುಚುತ್ತದೆ.

ಹುಳವನ್ನು ಗರಿ ಹಿಡಿದು ಎಳೆಯಬೇಡಿ. ಅದರ ಮೈಯ ಸೂಕ್ಷ್ಮ ಕೊಕ್ಕೆಗಳು ಕೊಳವೆಯ ಗೋಡೆಯನ್ನು ಹಿಡಿದಿರುತ್ತವೆ, ಎರಡು ತುಂಡಾಗುತ್ತದೆ. ಕೊಳವೆಯ ಹಿಂತುದಿಯಿಂದ ಸಣ್ಣ ಇಕ್ಕಳದಲ್ಲಿ ಚೂರುಚೂರಾಗಿ ಒಡೆಯುತ್ತ ಬನ್ನಿ. ಒಡೆದ ಚೂರುಗಳ ಒಳಮೈ ನೋಡದೆ ಎಸೆಯಬೇಡಿ: ಸ್ಪೈರಾಸರ್ಪ್ಯುಲಾ ಕುಲದ ಹಲವು ಪ್ರಭೇದಗಳಲ್ಲಿ ಕೊಳವೆಯ ಒಳಗೂ ಏಣುಗಳಿರುತ್ತವೆ. ಮೆಡಿಟರೇನಿಯನ್ ಗುಹೆಗಳ ಸ್ಪೈರಾಸರ್ಪ್ಯುಲಾ ಮಾಸಿಲಿಯೆನ್ಸಿಸ್ ಪ್ರಭೇದವನ್ನು ಮಾರ್ಸೇಯ ಹೆಲ್ಮುಟ್ ಜಿಬ್ರೋವಿಯಸ್ 1968ರಲ್ಲಿ ವಿವರಿಸಿದರು.

ಇನ್ನು ಮುಚ್ಚಳ. ಆಲಿಕೆಯಂತೆ ಅಗಲವಾಗಿ, ಅಂಚಿನಲ್ಲಿ ಹಲ್ಲುಗಳಿದ್ದರೆ ಸರ್ಪ್ಯುಲಾ. 1991ರಲ್ಲಿ ಹೆಸರು ಪಡೆದ ಗುಹಾವಾಸಿ ಸರ್ಪ್ಯುಲಾ ಕ್ಯಾವರ್ನಿಕೊಲಾ ಈ ಕುಲದ್ದು. ಅದೇ ಆಲಿಕೆಯ ನಡುವಿನಿಂದ ಇನ್ನೊಂದು ಮುಳ್ಳಿನ ಕಿರೀಟ ಎದ್ದಿದ್ದರೆ ಹೈಡ್ರಾಯ್ಡಿಸ್. ಕಂದು ಕೊಂಬಿನಂಥ ಟೋಪಿ ಇದ್ದರೆ ವರ್ಮಿಲಿಯಾಪ್ಸಿಸ್ ಕಡೆ ನೋಡಿ. ಮುಚ್ಚಳವೇ ಇಲ್ಲದಿದ್ದರೆ ಪ್ರೊಟುಲಾ ಇರಬಹುದು, ಸಾಲ್ಮಸಿನಾ ಇರಬಹುದು, ಅಥವಾ ಮಂಪರು ಕೆಟ್ಟು ಕಳಚಿಹೋದ ಬೇರಾವುದೋ ಹುಳ ಇರಬಹುದು. ಈ ಕೊನೆಯದನ್ನು ಮರೆತವರ ಪಟ್ಟಿಯಲ್ಲಿ ಪ್ರೊಟುಲಾ ಸಂಖ್ಯೆ ವಿಪರೀತ ಏರಿರುತ್ತದೆ. ಮುಚ್ಚಳದ ಕಾಂಡದ ಕತ್ತರಿಸಿದ ಗುರುತು ಇದೆಯೇ ಎಂದು ಗರಿಗಳ ಬುಡದಲ್ಲಿ ಹುಡುಕಿ.

ಅನುಮಾನ ಉಳಿದರೆ ಹುಳದ ಗರಿಕುಚ್ಚಿನ ಕೆಳಗಿನ ಕೊರಳಪಟ್ಟಿಯ ಬಿರುಗೂದಲು ನೋಡಿ. ಒಂದು ಕಟ್ಟು ಕಿತ್ತು ಗ್ಲಿಸರಿನ್ ಹನಿಯಲ್ಲಿಟ್ಟು 400ರಿಂದ 1,000 ಪಟ್ಟು ಹಿಗ್ಗಿಸಿ ನೋಡಿ. ಸರ್ಪ್ಯುಲಾ, ಹೈಡ್ರಾಯ್ಡಿಸ್‌ಗಳಲ್ಲಿ ಕೂದಲು ಬಯೊನೆಟ್ ಆಕಾರದ್ದು, ಬುಡದಲ್ಲಿ ಮೊಂಡು ಗುಬುಟುಗಳು. ಎದೆಭಾಗದಲ್ಲಿ ಬಿರುಗೂದಲಿರುವ ಖಂಡಗಳನ್ನೂ ಎಣಿಸಿ: ಸಾಮಾನ್ಯವಾಗಿ 7, ಸ್ಪೈರೊರ್ಬಿಸ್ ಗುಂಪಿನಲ್ಲಿ 3–4. ಹೆಸರಿನ ಕಾಗುಣಿತ, ಹೆಸರು ಈಗಲೂ ಚಾಲ್ತಿಯಲ್ಲಿದೆಯೇ ಎಂಬುದನ್ನು ಕಡಲಜೀವಿಗಳ ಜಾಗತಿಕ ದಾಖಲೆಯಾದ ವರ್ಮ್ಸ್‌ನಲ್ಲಿ ನೋಡಿಕೊಳ್ಳಿ. ಹಳೆಯ ಪ್ರಬಂಧಗಳ ಕೈಪಿಡಿ ಹಿಡಿದು ಕೂತರೆ ಅರ್ಧ ಹೆಸರು ಬದಲಾಗಿರುತ್ತದೆ.

ಬದುಕಿದ್ದು ಎಷ್ಟು, ಸತ್ತಿದ್ದು ಎಷ್ಟು

ಎಣಿಕೆಯ ಹಾಳೆಯಲ್ಲಿ ಪ್ರತಿ ಪ್ರಭೇದಕ್ಕೂ ಎರಡು ಕಾಲಂ ಇರಲಿ. ಹುಳ ಕಣ್ಣಿಗೆ ಬಿದ್ದರೆ ಜೀವಂತ. ಕೊಳವೆಯ ಬಾಯಿ ಸ್ಪಂಜಿನಿಂದಲೋ ಬ್ರಯೋಜೋವಾದಿಂದಲೋ ಮುಚ್ಚಿದ್ದರೆ, ಕಂದು-ಕಪ್ಪು ಲೇಪ ಒಳಗೂ ಇಳಿದಿದ್ದರೆ ಸತ್ತದ್ದು. ನಡುವಿನವು ಬಹಳ. ಹೊರಗೆ ಚೊಕ್ಕ, ಒಳಗೆ ಏನೋ ಇದೆ, ಒಡೆದು ನೋಡಿದರೆ ಖಾಲಿ ಕೊಳವೆಗೆ ಬಾಡಿಗೆಗೆ ಬಂದ ಬೇರೆ ಪುಟ್ಟ ಪ್ರಾಣಿ. ಫಾರ್ಮಾಲಿನ್ ಹಂತದಲ್ಲಿ ಲೀಟರಿಗೆ 0.1 ಗ್ರಾಂ ರೋಸ್ ಬೆಂಗಾಲ್ ಎಂಬ ಬಣ್ಣ ಬೆರೆಸಿದ್ದರೆ ಮಾಂಸಲ ಭಾಗ ಗುಲಾಬಿಯಾಗಿ ಎದ್ದು ಕಾಣುತ್ತದೆ, ಎಣಿಕೆ ಚುರುಕಾಗುತ್ತದೆ. ಬಣ್ಣ ಅದು ಹುಳವೋ ಬಾಡಿಗೆದಾರನೋ ಎಂದು ಹೇಳುವುದಿಲ್ಲ, ಆದ್ದರಿಂದ ಪ್ರತಿ ಪ್ರಭೇದದ ಹತ್ತು ಗುಲಾಬಿ ಕೊಳವೆಗಳನ್ನಾದರೂ ಒಡೆದು ಪರೀಕ್ಷಿಸಿ.

ಸತ್ತ ಕೊಳವೆಗಳೂ ದತ್ತಾಂಶವೇ. ಬಯೋಸ್ಟ್ಯಾಲಕ್ಟೈಟ್ ಅನ್ನು ಅಡ್ಡ ಕೊಯ್ದು ನೋಡಿದರೆ ನಡುವೆ ದೊಡ್ಡ ಕೊಳವೆಗಳು, ಹೊರಗೆ ಪುಟಾಣಿಗಳು ಹೀಗೆ ಪದರ ಪದರವಾಗಿ ಗುಹೆಯ ಇತಿಹಾಸ ಸಿಗುತ್ತದೆ. ಕಟಾನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ಲೆಮ್ಮಿರಿಯೊದಲ್ಲಿ ಓದಿದ್ದು ಇದನ್ನೇ. ಅದನ್ನು ಇಂದಿನ ಸಮುದಾಯದ ಎಣಿಕೆಯೊಂದಿಗೆ ಕೂಡಿಸಿದಾಗ ಮಾತ್ರ ತಪ್ಪು.

ವಿಶ್ಲೇಷಣೆಗೆ ಕೂತಾಗ ಒಂದು ಗುಹೆಯ 12 ಚೌಕಗಳನ್ನು 12 ಸ್ವತಂತ್ರ ಮಾದರಿಗಳೆಂದು ಎಣಿಸಬೇಡಿ. ಅವೆಲ್ಲ ಒಂದೇ ಗುಹೆಯ ನೀರು, ಒಂದೇ ಗುಹೆಯ ಆಹಾರ ಹಂಚಿಕೊಂಡವು. ಕತ್ತಲಿನ ಬಗ್ಗೆ ಸಾಮಾನ್ಯ ಮಾತು ಹೇಳಬೇಕಾದರೆ ಕನಿಷ್ಠ ಮೂರು ಗುಹೆ ಬೇಕು, ಚೌಕಗಳು ಗುಹೆಯೊಳಗಿನ ಏರಿಳಿತ ತೋರಿಸಲಷ್ಟೇ. ಒಂದೇ ಗುಹೆ ಸಿಕ್ಕಿದ್ದರೆ ಆ ಗುಹೆಯ ವಿವರಣೆ ಬರೆಯಿರಿ, ಅದಕ್ಕೂ ಬೆಲೆಯಿದೆ. ಹೆಸರಿಟ್ಟ ಪ್ರತಿ ಪ್ರಭೇದದ ಒಂದೆರಡು ಹುಳ, ಅದರ ಕೊಳವೆಯ ಚೂರು, ಮೂಲ ಚೀಟಿ ಮೂರನ್ನೂ ಒಂದೇ ಬಾಟಲಿಯಲ್ಲಿಟ್ಟು ಅರ್ಜಿಯಲ್ಲಿ ಹೆಸರಿಸಿದ ಸಂಗ್ರಹಾಲಯಕ್ಕೆ ಒಪ್ಪಿಸಿ, ಅವರು ಕೊಡುವ ಸಂಖ್ಯೆಯನ್ನು ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಬರೆಯಿರಿ.